ಹಸಿಬೆಗೊಂದು ಪ್ಯಾಟರ್ನ್: ರೂಪ ಬದಲಿಸುವ ಚೀಲಗಳ ಹಿಂದಿನ ಕಥೆ

'ಪ್ಯಾಟರ್ನ್' ಅನ್ನೋ ಪದಕ್ಕೆ ಕನ್ನಡದಲ್ಲಿ ಏನಂತ ಹೇಳೋಣ? ನಮೂನೆ ಅನ್ನಬಹುದು, ಮಾದರಿ ಅನ್ನಬಹುದು, ಅಚ್ಚು ಅಂತಲೂ ಅನ್ನಬಹುದು. ಹೊಲಿಗೆಯವರ ಮಾತಿನಲ್ಲಿ ಪ್ಯಾಟರ್ನ್ ಅಂದರೆ ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಾಗದದ ಮೇಲೆ ಅಳತೆ ಬರೆದು ಕತ್ತರಿಸಿಟ್ಟುಕೊಂಡ ತುಂಡುಗಳು. ಟೈಲರಿಂಗ್ ಕ್ಲಾಸಿಗೆ ಹೋದವರಿಗೆ ಇದು ಚೆನ್ನಾಗಿ ಗೊತ್ತು. ಕಂದು ಕಾಗದದಲ್ಲಿ ಪುಟಾಣಿ ತೋಳು, ಪುಟಾಣಿ ಕಾಲರ್ ಕತ್ತರಿಸಿ ರೆಕಾರ್ಡ್ ಬುಕ್ಕಿಗೆ ಅಂಟಿಸಿದ್ದು ನೆನಪಿರಬೇಕಲ್ಲ?

ಕ್ಲಾಸಿಗೆ ಹೋಗದವರಿಗೂ ಒಂದು ಪ್ಯಾಟರ್ನ್ ಗೊತ್ತಿದೆ. ಅದು 'ಅಳತೆ ಬ್ಲೌಸು'. ಟೈಲರ್ ಹತ್ತಿರ ಹೊಸ ಬಟ್ಟೆ ಕೊಡುವಾಗ ಜೊತೆಗೆ ಮೈಗೆ ಸರಿಯಾಗಿ ಕೂರುವ ಹಳೇ ಬ್ಲೌಸೊಂದನ್ನು ಕೊಡುತ್ತೇವೆ. "ಇದರ ಹಾಗೇ ಹೊಲಿಯಪ್ಪ, ತೋಳು ಮಾತ್ರ ಅರ್ಧ ಇಂಚು ಉದ್ದ ಇರಲಿ" ಅನ್ನುತ್ತೇವೆ. ಒಂದು ವಸ್ತುವನ್ನು ಮುಂದಿಟ್ಟುಕೊಂಡು ಅದರಂತೆ ಇನ್ನೊಂದನ್ನು ಮಾಡುವುದೇ ಪ್ಯಾಟರ್ನಿನ ಮೂಲ ಅರ್ಥ. ಇಂಗ್ಲಿಷಿನ ಪ್ಯಾಟರ್ನ್ ಪದವೂ 'ಪೇಟ್ರನ್', ಅಂದರೆ ಪೋಷಕ ಅಥವಾ ಯಜಮಾನ ಅನ್ನೋ ಪದವೂ ಒಂದೇ ಬೇರಿನವು. ಅನುಸರಿಸಬೇಕಾದ ಹಿರಿಯ ಅಂತ ಅರ್ಥ. ಫ್ರೆಂಚರು ಇಂದಿಗೂ ಹೊಲಿಗೆಯ ಪ್ಯಾಟರ್ನಿಗೆ 'ಪಾತ್ರೋಂ' ಅಂತಲೇ ಹೇಳುತ್ತಾರೆ.

ಇದನ್ನೆಲ್ಲ ಯಾಕೆ ಹೇಳ್ತಿದ್ದೇನೆ ಅಂದರೆ, ಕೆಲವು ತಿಂಗಳಿಂದ ನಾನೊಂದು ಚೀಲದ ಪ್ಯಾಟರ್ನ್ ಮಾಡುತ್ತಿದ್ದೇನೆ. ಒಂದೇ ಚೀಲ ಹೆಗಲಿಗೂ ಆಗಬೇಕು, ಬೆನ್ನಿಗೂ ಆಗಬೇಕು, ಸೈಕಲ್ ಕ್ಯಾರಿಯರ್ ಮೇಲೂ ಕೂರಬೇಕು. ಇಂಥ ಚೀಲಗಳು ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತವೆ, ಅದು ನಿಜ. ಆದರೆ ನನಗೆ ಆಧಾರವಾಗಿ ಬೇಕಿದ್ದದ್ದು ನಮ್ಮದೇ ಒಂದು ಚೀಲ: ಹಸಿಬೆ.

ಹಸಿಬೆ ಅಂದರೆ...

ಹೊಸ ತಲೆಮಾರಿನವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಹಸಿಬೆ (ಕೆಲವು ಕಡೆ ಹಸುಬೆ, ಹಸಬೆ) ಅಂದರೆ ಉದ್ದನೆಯ ಜೋಡಿ ಚೀಲ. ಎರಡೂ ತುದಿ ಮುಚ್ಚಿರುತ್ತದೆ, ಬಾಯಿ ನಡುವೆ ಇರುತ್ತದೆ. ನಡುಭಾಗವನ್ನು ಹೆಗಲ ಮೇಲೆ ಹಾಕಿಕೊಂಡರೆ ಒಂದು ಗಂಟು ಎದೆಯ ಕಡೆ, ಇನ್ನೊಂದು ಬೆನ್ನ ಕಡೆ. ದೊಡ್ಡ ಹಸಿಬೆಯನ್ನು ಎತ್ತಿನ ಬೆನ್ನ ಮೇಲೆ ಹಾಕಿದರೆ ಎರಡೂ ಪಕ್ಕಕ್ಕೆ ಸಮನಾದ ಭಾರ. ರಸ್ತೆ ಇಲ್ಲದ ಕಾಲದಲ್ಲಿ ಉಪ್ಪು, ದವಸ ಸಾಗಿಸುತ್ತಿದ್ದ ಹೇರೆತ್ತುಗಳ ಮೇಲೆ ಇರುತ್ತಿದ್ದದ್ದು ಇಂಥ ಜೋಡಿ ಚೀಲಗಳೇ. ಅಂದ ಹಾಗೆ ನಮ್ಮ 'ಗೋಣಿ' ಪದವೇ ಇಂಗ್ಲಿಷಿಗೆ ಹೋಗಿ 'ಗನ್ನಿ' ಆಯಿತು. ಚೀಲದ ಹೆಸರನ್ನು ರಫ್ತು ಮಾಡಿದವರು ನಾವು!

ನಮ್ಮ ಚಿಕ್ಕಜ್ಜನ ಬಳಿ ಸಂತೆಗೆ ಹೋಗುವ ಒಂದು ಸಣ್ಣ ಹಸಿಬೆ ಇತ್ತು. ಅದರ ಚಿಂದಿ ಅಟ್ಟದ ಮೇಲೆ ಸಿಕ್ಕಿತು. ಇದನ್ನು ಹೊಲಿದವರು ಯಾರು ಅಂತ ಊರಲ್ಲಿ ಕೇಳಿದರೆ, ಸಂತೆಯ ಹತ್ತಿರ ಕೂರುತ್ತಿದ್ದ ಒಬ್ಬ ದರ್ಜಿ ಅಂದರು. ಅವರು ತೀರಿಕೊಂಡು ಬಹಳ ವರ್ಷವಾಗಿದೆ. ಮಕ್ಕಳು ಹೊಲಿಗೆ ಹಿಡಿಯಲಿಲ್ಲ. ಕಾಗದದಲ್ಲಿ ಒಂದು ಗೆರೆಯೂ ಇಲ್ಲ. ಅಳತೆ ಅವರ ಮೊಳದಲ್ಲಿತ್ತು, ಗೇಣಿನಲ್ಲಿತ್ತು, ಅವರ ಜೊತೆಗೇ ಹೋಯಿತು. ಆಗ ನನ್ನ ತಲೆಯಲ್ಲಿ ಹೊಕ್ಕ ಪ್ರಶ್ನೆ ಇದು: ಕೆಲವು ಚೀಲಗಳು ಮಾತ್ರ ಊರೂರು ದಾಟಿ ತಲೆಮಾರು ದಾಟಿ ಬದುಕಿದ್ದು ಹೇಗೆ?

ಕತ್ತರಿ ಕಾಣದ ಬಟ್ಟೆ

ಮೊದಲಿಗೆ, ಪ್ಯಾಟರ್ನೇ ಬೇಡದ ಚೀಲಗಳಿವೆ. ಒಂದು ಟವೆಲ್ ತಗೊಳ್ಳಿ. ಸುತ್ತಿ ತಲೆ ಮೇಲಿಟ್ಟರೆ ಸಿಂಬಿ. ನಾಲ್ಕು ಮೂಲೆ ಕಟ್ಟಿದರೆ ಬುತ್ತಿಗಂಟು. ಹೆಗಲಿಗೆ ಹಾಕಿದರೆ ಮರ್ಯಾದೆ. ಸೀರೆಯ ಮಡಿಲಿನಲ್ಲಿ ಸೊಪ್ಪು ತುಂಬಿಕೊಂಡು ಬರುವವರನ್ನು ನೋಡಿಲ್ಲವೇ? ಮಳೆಗಾಲದ ಗೋಣಿಚೀಲವಂತೂ ರೂಪ ಬದಲಿಸುವುದರಲ್ಲಿ ಎಲ್ಲರಿಗೂ ಗುರು. ಅದರ ತಳದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಗೆ ತೂರಿಸಿ ತಲೆಗೆ ಹಾಕಿಕೊಂಡರೆ ಕೊಪ್ಪೆ ಆಯಿತು. ಮಳೆ ನಿಂತರೆ ಕೊಡವಿ ಮತ್ತೆ ಚೀಲ. ಹೊಲಿಗೆ ಬಿಚ್ಚುವುದಿಲ್ಲ, ಗುಂಡಿ ಇಲ್ಲ, ದಾರ ಇಲ್ಲ.

ಇದೇ ಜಾಣತನವನ್ನು ಜಪಾನಿನವರು ಬಹಳ ದೂರ ತೆಗೆದುಕೊಂಡು ಹೋದರು. ಅವರ 'ಫುರೋಶಿಕಿ' ಒಂದು ಚೌಕದ ಬಟ್ಟೆ. 'ಫುರೋ' ಅಂದರೆ ಸ್ನಾನ, 'ಶಿಕಿ' ಅಂದರೆ ಹಾಸುವುದು. ಸ್ನಾನದ ಮನೆಯಲ್ಲಿ ಹಾಸಿಕೊಂಡು, ಆಮೇಲೆ ಬಟ್ಟೆಬರೆ ಗಂಟು ಕಟ್ಟಿಕೊಂಡು ಬರುತ್ತಿದ್ದದ್ದರಿಂದ ಆ ಹೆಸರು. ವಸ್ತುಗಳನ್ನು ಬಟ್ಟೆಯಲ್ಲಿ ಸುತ್ತಿಡುವ ಪದ್ಧತಿ ಅದಕ್ಕಿಂತ ಬಹಳ ಹಳೆಯದು. ನಾರಾ ಪಟ್ಟಣದ ಶೋಸೋಯಿನ್ ಭಂಡಾರದಲ್ಲಿ 8ನೇ ಶತಮಾನದ ಸುತ್ತುಬಟ್ಟೆಗಳು ಉಳಿದಿವೆ. 2006ರಲ್ಲಿ ಅಲ್ಲಿಯ ಪರಿಸರ ಸಚಿವೆಯಾಗಿದ್ದ ಯುರಿಕೋ ಕೊಯಿಕೆ ಪ್ಲಾಸ್ಟಿಕ್ ಕೈಚೀಲದ ಬದಲು ಇದನ್ನೇ ಬಳಸಿ ಅಂತ ಪ್ರಚಾರ ಮಾಡಿದರು. ಅವರು ತೋರಿಸಿದ ಫುರೋಶಿಕಿ ತಯಾರಾದದ್ದು ಹಳೇ ಪ್ಲಾಸ್ಟಿಕ್ ಬಾಟಲಿಯ ನೂಲಿನಿಂದ.

ಫುರೋಶಿಕಿಯ ತಂಗಿಯ ಹಾಗಿರುವ ಇನ್ನೊಂದು ಚೀಲವಿದೆ, 'ಅಜುಮಾ ಬುಕುರೊ'. ಇದಕ್ಕೆ ಎರಡೇ ಎರಡು ಹೊಲಿಗೆ. ಮನೆಯಲ್ಲಿ ಮಷಿನ್ ಇದ್ದರೆ ಇವತ್ತೇ ಮಾಡಿ ನೋಡಿ. ಅಗಲದ ಮೂರರಷ್ಟು ಉದ್ದ ಇರುವ ಬಟ್ಟೆ ಬೇಕು, ಉದಾಹರಣೆಗೆ 30 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಉದ್ದ. ಅಡ್ಡಡ್ಡ ಹಾಸಿ ಮೂರು ಚೌಕ ಅಂತ ಎಣಿಸಿಕೊಳ್ಳಿ. ಎಡಗಡೆಯ ಚೌಕವನ್ನು ನಡುವಿನದರ ಮೇಲೆ ಮಡಚಿ ಮೇಲಿನ ಅಂಚನ್ನು ಮಾತ್ರ ಹೊಲಿಯಿರಿ. ಅದನ್ನು ಪಕ್ಕಕ್ಕೆ ಸರಿಸಿ, ಬಲಗಡೆಯ ಚೌಕವನ್ನು ನಡುವಿನದರ ಮೇಲೆ ಮಡಚಿ ಕೆಳಗಿನ ಅಂಚನ್ನು ಮಾತ್ರ ಹೊಲಿಯಿರಿ. ತಿರುಗಿಸಿ ಬಿಡಿಸಿದರೆ ಎರಡು ಕಿವಿ ಇರುವ ಚೀಲ ಕೈಯಲ್ಲಿರುತ್ತದೆ. ಕಿವಿಗಳನ್ನು ಗಂಟು ಹಾಕಿದರೆ ಅದೇ ಹಿಡಿಕೆ. ಚೂರು ಬಟ್ಟೆಯೂ ವ್ಯರ್ಥವಾಗಲಿಲ್ಲ.

ಗಮನಿಸಿ, ಮೇಲಿನ ಪ್ಯಾರಾವೇ ಈ ಚೀಲದ ಪೂರ್ತಿ ಪ್ಯಾಟರ್ನ್. ಬಾಯಿಮಾತಲ್ಲೇ ಹೇಳಿಬಿಡಬಹುದು, ಕಾಗದ ಬೇಡ. ಆಯತದ ಬಟ್ಟೆಯ ಸುಖ ಇದು. ಒಮ್ಮೆ ಕತ್ತರಿ ಓರೆಯಾಗಿ ಹೋಯಿತು ಅನ್ನಿ, ತೋಳು, ಕಾಲರ್, ಚೀಲದ ದುಂಡು ತಳ ಬಂತು ಅನ್ನಿ, ಆಗ ಮಾತು ಸಾಲುವುದಿಲ್ಲ. ಅಲ್ಲಿಂದ ಕಾಗದದ ಕಥೆ ಶುರು.

ದರ್ಜಿಯ ಗುಟ್ಟು ಕಾಗದಕ್ಕೆ ಬಂದದ್ದು

1580ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಹುವಾನ್ ದೆ ಅಲ್ಸೆಗಾ ಅನ್ನುವ ದರ್ಜಿ ಒಂದು ಪುಸ್ತಕ ಅಚ್ಚು ಹಾಕಿಸಿದ. ಹೆಸರಿನಲ್ಲೇ ರೇಖಾಗಣಿತ ಇತ್ತು. ಮೇಲಂಗಿ, ಗೌನು, ಪಾದ್ರಿಗಳ ನಿಲುವಂಗಿ, ಹೀಗೆ ನೂರಕ್ಕೂ ಹೆಚ್ಚು ಉಡುಪುಗಳ ತುಂಡುಗಳನ್ನು ಬಟ್ಟೆಯ ಮೇಲೆ ಹೇಗೆ ಜೋಡಿಸಿ ಕತ್ತರಿಸಬೇಕು ಅನ್ನುವ ನಕ್ಷೆಗಳು ಅದರಲ್ಲಿದ್ದವು. ಅವನ ಮುಖ್ಯ ಚಿಂತೆ ಅಂದ ಚೆಂದವಲ್ಲ, ಬಟ್ಟೆಯ ಉಳಿತಾಯ. ಆ ಕಾಲದಲ್ಲಿ ಹೊಲಿಗೆಯ ಕೂಲಿಗಿಂತ ಬಟ್ಟೆಯ ಬೆಲೆಯೇ ಹೆಚ್ಚು. ಇಷ್ಟು ಅಗಲದ ಬಟ್ಟೆಯಾದರೆ ಇಷ್ಟು ಉದ್ದ ಸಾಕು ಅಂತ ಮೊದಲೇ ಗೊತ್ತಾದರೆ ಗಿರಾಕಿಗೂ ಜಗಳವಿಲ್ಲ, ದರ್ಜಿಗೂ ನಷ್ಟವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆಯನ್ನೇ ಗಣಿತ ಮಾಡಿದ ಪುಣ್ಯಾತ್ಮ!

ಆದರೆ ಅದು ದರ್ಜಿಗಳಿಗಾಗಿ ದರ್ಜಿ ಬರೆದ ಪುಸ್ತಕ. ನಕ್ಷೆ ಸಣ್ಣದು, ಅದನ್ನು ನಿಜವಾದ ಮೈಯ ಅಳತೆಗೆ ದೊಡ್ಡದು ಮಾಡುವ ವಿದ್ಯೆ ಗೊತ್ತಿದ್ದವರಿಗೆ ಮಾತ್ರ ಉಪಯೋಗ. 1769ರಲ್ಲಿ ಫ್ರಾನ್ಸಿನ ಗಾರ್ಸೋ ದರ್ಜಿ ಕಲೆಯ ಬಗ್ಗೆ ಸಚಿತ್ರ ಪುಸ್ತಕ ಬರೆದಾಗಲೂ ಹಾಗೇ. ಇನ್ನೊಂದು ಸ್ವಾರಸ್ಯ ಕೇಳಿ. ಇಂಚುಗಳನ್ನು ಗುರುತು ಹಾಕಿದ ಟೇಪು ದರ್ಜಿಗಳ ಕೈಗೆ ಬಂದದ್ದು 19ನೇ ಶತಮಾನದ ಹೊತ್ತಿಗೆ. ಅದಕ್ಕೂ ಮುಂಚೆ ಒಬ್ಬೊಬ್ಬ ಗಿರಾಕಿಗೂ ಒಂದೊಂದು ಉದ್ದನೆಯ ಕಾಗದದ ಪಟ್ಟಿ. ಎದೆಯ ಸುತ್ತಳತೆಗೆ ಇಲ್ಲೊಂದು ಕಚ್ಚು, ತೋಳಿನ ಉದ್ದಕ್ಕೆ ಅಲ್ಲೊಂದು ಕಚ್ಚು. ಆ ಕಚ್ಚುಗಳನ್ನು ಓದಲು ಬರುತ್ತಿದ್ದದ್ದು ಅದನ್ನು ಹಾಕಿದ ದರ್ಜಿಗೆ. ನಮ್ಮ ಚಿಕ್ಕಜ್ಜನ ದರ್ಜಿಯ ಗೇಣಿಗೂ ಇದಕ್ಕೂ ಏನು ವ್ಯತ್ಯಾಸ?

ಪರಿಸ್ಥಿತಿ ಬದಲಾದದ್ದು ಅಮೆರಿಕದಲ್ಲಿ, ಹೊಲಿಗೆ ಮಷಿನ್ ಬಂದ ಮೇಲೆ. ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದರು. 1850ರ ದಶಕದಲ್ಲೇ ಸಿಂಗರ್ ಕಂಪನಿ ಕಂತಿನಲ್ಲಿ ಮಷಿನ್ ಕೊಡಲು ಶುರು ಮಾಡಿತು. ಮನೆಗೆ ಮಷಿನ್ ಬಂತು, ಹೊಲಿಗೆ ಸುಲಭವಾಯಿತು. ಆದರೆ ಕತ್ತರಿಸುವುದು? ಕತ್ತರಿಸಲು ಬಾರದವರ ಮನೆಯಲ್ಲಿ ಮಷಿನ್ ಸುಮ್ಮನೆ ಕೂತಿರಬೇಕು ಅಷ್ಟೆ.

ಈ ಕೊರತೆ ತುಂಬಿದವರಲ್ಲಿ ಇಬ್ಬರನ್ನು ಹೇಳಲೇಬೇಕು. ನ್ಯೂಯಾರ್ಕಿನ ಎಲೆನ್ ಡೆಮರೆಸ್ಟ್ 1860ರಲ್ಲಿ ಗಂಡನ ಜೊತೆ ಸೇರಿ ಫ್ಯಾಷನ್ ಪತ್ರಿಕೆ ಹೊರತಂದು ಕಾಗದದ ಪ್ಯಾಟರ್ನ್ ಮಾರತೊಡಗಿದಳು. ತನ್ನ ಕೆಲಸದ ಕೋಣೆಯಲ್ಲಿ ಕಪ್ಪು ಹೆಂಗಸರನ್ನೂ ಬಿಳಿಯ ಹೆಂಗಸರನ್ನೂ ಒಟ್ಟಿಗೆ ಕೂರಿಸಿ ಕೆಲಸ ಕೊಟ್ಟವಳು ಅಂತ ಅವಳಿಗೆ ಹೆಸರಿದೆ. ಇನ್ನೊಬ್ಬ ಮ್ಯಾಸಚೂಸೆಟ್ಸ್‌ನ ಸ್ಟರ್ಲಿಂಗ್ ಊರಿನ ದರ್ಜಿ ಎಬೆನೇಜರ್ ಬಟರಿಕ್. ಅವನು 1863ರಲ್ಲಿ ಮಾಡಿದ್ದು ಇನ್ನೂ ಒಂದು ಹೆಜ್ಜೆ ಮುಂದೆ: ಒಂದೇ ಉಡುಪಿನ ಪ್ಯಾಟರ್ನನ್ನು ಬೇರೆ ಬೇರೆ ಸೈಜುಗಳಲ್ಲಿ ಕೊಟ್ಟ. ಮಗನ ಬಟ್ಟೆ ಹೊಲಿಯುತ್ತಿದ್ದ ಹೆಂಡತಿಯೇ, ಸೈಜಿಗೆ ತಕ್ಕ ಪ್ಯಾಟರ್ನ್ ಸಿಕ್ಕಿದ್ದರೆ ಎಷ್ಟು ಚೆನ್ನ ಅಂತ ಹೇಳಿದಳು ಅನ್ನೋ ಕಥೆ ಜನಜನಿತ. ಮೊದಲು ದಪ್ಪ ರಟ್ಟಿನಲ್ಲಿ ಕತ್ತರಿಸಿದ್ದು ಅಂಚೆಗೆ ಹಾಕಲು ಮಡಚಲು ಬರುತ್ತಿರಲಿಲ್ಲವಂತೆ. ಆಗ ತೆಳು ಟಿಶ್ಯೂ ಕಾಗದಕ್ಕೆ ಬಂದರು. ತೆಳು ಕಾಗದ, ಸಣ್ಣ ಲಕೋಟೆ, ಅಂಚೆ ವೆಚ್ಚ ಕಡಿಮೆ. ಪ್ಯಾಟರ್ನ್ ಕೈಯಿಂದ ಕೈಗೆ ಹೋಗುವ ಬದಲು ಊರಿಂದ ಊರಿಗೆ ಹೋಗತೊಡಗಿತು.

ಆಮೇಲೆ 1870ರಲ್ಲಿ ಮೆಕಾಲ್ ಬಂತು, 1899ರಲ್ಲಿ ವೋಗ್ ಪತ್ರಿಕೆ ಪ್ಯಾಟರ್ನ್ ಕೊಡಲು ಶುರು ಮಾಡಿತು, 1927ರಲ್ಲಿ ಸಿಂಪ್ಲಿಸಿಟಿ ಬಂತು. ಮೊದಮೊದಲು ಆ ಕಾಗದದ ಮೇಲೆ ಅಕ್ಷರವೇ ಇರುತ್ತಿರಲಿಲ್ಲ, ಬರೀ ತೂತುಗಳು. ಈ ತೂತು ಇದ್ದರೆ ನೆರಿಗೆ, ಆ ತೂತು ಇದ್ದರೆ ಬಟ್ಟೆಯ ಉದ್ದದ ಎಳೆ, ಹೀಗೆ. ಅಚ್ಚಾದ ಗೆರೆ, ಸೂಚನೆ ಇರುವ ಪ್ಯಾಟರ್ನ್ ಬಂದದ್ದು 1920ರ ಸುಮಾರಿಗೆ.

ಕಾಗದದ ಚೀಲ ಮತ್ತು ಮರದ ಮಷಿನ್

ಬಟ್ಟೆ ಆಯಿತು, ಚೀಲಕ್ಕೆ ಬರೋಣ. ಇಲ್ಲೊಬ್ಬಳು ಹೆಂಗಸಿನ ಕಥೆ ನನಗೆ ಬಹಳ ಇಷ್ಟ.

ಮಾರ್ಗರೆಟ್ ನೈಟ್ ಹುಟ್ಟಿದ್ದು 1838ರಲ್ಲಿ. ಚಿಕ್ಕಂದಿನಲ್ಲೇ ಹತ್ತಿ ಗಿರಣಿಯಲ್ಲಿ ದುಡಿದವಳು. ಆಮೇಲೆ ಮ್ಯಾಸಚೂಸೆಟ್ಸ್‌ನ ಒಂದು ಕಾಗದ ಚೀಲದ ಕಂಪನಿಗೆ ಸೇರಿದಳು. ಆಗ ಮಷಿನ್ನಿನಲ್ಲಿ ತಯಾರಾಗುತ್ತಿದ್ದ ಚೀಲಗಳು ಲಕೋಟೆಯ ಥರ ಚಪ್ಪಟೆ. ಒಳಗೆ ಸಾಮಾನು ಹಾಕಿದರೆ ನಿಲ್ಲುತ್ತಿರಲಿಲ್ಲ. ತಳ ಚೌಕವಾಗಿ ಕೂರುವ ಚೀಲವನ್ನು ಕೈಯಲ್ಲಿ ಒಂದೊಂದಾಗಿ ಮಡಚಿ ಅಂಟಿಸಬೇಕಿತ್ತು. ಆ ಮಡಿಕೆಯನ್ನು ಮಷಿನ್ನೇ ಮಾಡುವಂತೆ ಆಕೆ ಯೋಚಿಸಿದಳು. ನಕ್ಷೆ ಬರೆದಳು, ಮರದಲ್ಲಿ ಮಷಿನ್ ಮಾಡಿ ಚೀಲ ಹೊರಡಿಸಿ ತೋರಿಸಿದಳು. ಪೇಟೆಂಟಿಗೆ ಕಬ್ಬಿಣದ ಮಾದರಿ ಬೇಕು ಅಂತ ಬಾಸ್ಟನ್ನಿನ ಕಾರ್ಖಾನೆಯಲ್ಲಿ ಮಾಡಿಸುತ್ತಿದ್ದಾಗ, ಅಲ್ಲಿ ಅದನ್ನು ನೋಡಿದ ಚಾರ್ಲ್ಸ್ ಅನ್ನನ್ ಅನ್ನುವವನು ತನ್ನ ಹೆಸರಿನಲ್ಲಿ ಪೇಟೆಂಟ್ ಮಾಡಿಸಿಕೊಂಡುಬಿಟ್ಟ! ಹೆಂಗಸಿಗೆ ಇಷ್ಟು ದೊಡ್ಡ ಮಷಿನ್ ಅರ್ಥವಾಗಲು ಸಾಧ್ಯವೇ ಇಲ್ಲ ಅನ್ನೋದು ಅವನ ವಾದವಾಗಿತ್ತಂತೆ.

ಮಾರ್ಗರೆಟ್ ಸುಮ್ಮನೆ ಕೂರಲಿಲ್ಲ. ತಾನು ಬರೆದ ನಕ್ಷೆ, ಟಿಪ್ಪಣಿ, ಮಾದರಿ, ನೋಡಿದ ಸಾಕ್ಷಿಗಳು ಎಲ್ಲವನ್ನೂ ಮುಂದಿಟ್ಟಳು, ಗೆದ್ದಳು. 1871ರಲ್ಲಿ ಪೇಟೆಂಟ್ ಆಕೆಯ ಹೆಸರಿಗೆ ಬಂತು. ಆಕೆ ಎಷ್ಟೇ ಜಾಣೆಯಾಗಿದ್ದರೂ ಕಾಗದದ ಮೇಲೆ ಗೆರೆ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚನೆ ಮಾಡಿ. 1883ರಲ್ಲಿ ಚಾರ್ಲ್ಸ್ ಸ್ಟಿಲ್ವೆಲ್ ಅನ್ನುವವನು ಪಕ್ಕಗಳಲ್ಲಿ ನೆರಿಗೆ ಮಡಿಕೆ ಇರುವ ಕಾಗದದ ಚೀಲದ ಮಷಿನ್ನಿಗೆ ಪೇಟೆಂಟ್ ತಗೊಂಡ. ಆ ಚೀಲ ತುಂಬಿದರೆ ಡಬ್ಬದ ಹಾಗೆ ನಿಲ್ಲುತ್ತದೆ, ಖಾಲಿಯಾದರೆ ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ. ಇವತ್ತು ಚೀಲ ಹೊಲಿಯುವವರು ತಳಕ್ಕೆ, ಪಕ್ಕಕ್ಕೆ ಕೊಡುವ ಮಡಿಕೆಗಳ ಲೆಕ್ಕಾಚಾರ ಇದೇ.

ಅರಗಿನ ಮುದ್ರೆಯ ಚೀಲ

ಒಂದೇ ಚೀಲ ಎರಡು ರೀತಿ ಹೊರುವ ವಿಷಯದಲ್ಲಿ ಬಹಳ ತಲೆ ಕೆಡಿಸಿಕೊಂಡವರು ಸೈನ್ಯದವರು. ಬ್ರಿಟಿಷ್ ಸೈನ್ಯದಲ್ಲಿ 'ಸೀಲ್ಡ್ ಪ್ಯಾಟರ್ನ್' ಅನ್ನೋ ಪದ್ಧತಿ ಇತ್ತು. ಒಪ್ಪಿಗೆಯಾದ ವಸ್ತುವಿನ ಒಂದು ನಮೂನೆಗೆ ಅರಗಿನ ಮುದ್ರೆ ಒತ್ತಿ ಇಟ್ಟುಕೊಳ್ಳುತ್ತಿದ್ದರು. ಗುತ್ತಿಗೆ ಹಿಡಿದವರು ಎಲ್ಲೇ ಹೊಲಿಯಲಿ, ಆ ನಮೂನೆಗೆ ಹೋಲಿಸಿ ನೋಡಿಯೇ ತಗೊಳ್ಳುವುದು. ಮುದ್ರೆ ಒತ್ತಿದ ಅಳತೆ ಬ್ಲೌಸು ಅಂತಿಟ್ಟುಕೊಳ್ಳಿ :-)

ಅವರ '1908 ಪ್ಯಾಟರ್ನ್' ಅನ್ನೋದು ನೇಯ್ದ ಹತ್ತಿ ಪಟ್ಟಿಗಳ ಸರಂಜಾಮು. ಅದರಲ್ಲಿ ಬೆನ್ನಿಗೆ ದೊಡ್ಡ ಚೀಲ, ಸೊಂಟದ ಪಕ್ಕಕ್ಕೆ ಸಣ್ಣ ಚೀಲ. ಯುದ್ಧಕ್ಕೆ ನುಗ್ಗುವಾಗ ದೊಡ್ಡದನ್ನು ಬಿಟ್ಟು, ಪಕ್ಕದ ಸಣ್ಣ ಚೀಲವನ್ನೇ ಬೆನ್ನಿಗೆ ಏರಿಸಿಕೊಳ್ಳುವ ಹಾಗೆ ಬಕಲ್‌ಗಳನ್ನು ಜೋಡಿಸಿದ್ದರು. ಅಮೆರಿಕನ್ನರ 1936ರ ಕ್ಯಾನ್ವಾಸ್ ಚೀಲವೂ ಹಾಗೆ: ಒಂದು ಪಟ್ಟಿ ಸಿಕ್ಕಿಸಿದರೆ ಹೆಗಲ ಚೀಲ, ಸೈನಿಕನ ಮೈಮೇಲಿನ ಸಸ್ಪೆಂಡರ್ ಪಟ್ಟಿಗಳಿಗೆ ಕೊಕ್ಕೆ ಹಾಕಿದರೆ ಬೆನ್ನು ಚೀಲ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಶೂಟ್ ಪಡೆಯವರು ಹೊತ್ತದ್ದು ಇದನ್ನೇ. ಇಲ್ಲಿ ಚೀಲದ ಆಕಾರ ಬದಲಾಗಲಿಲ್ಲ. ಭಾರ ಎಲ್ಲಿಂದ ನೇತಾಡಬೇಕು ಅನ್ನುವ ಜಾಗ ಮಾತ್ರ ಬದಲಾಯಿತು.

ಇನ್ನು ಕೊಂಡಿಗಳ ವಿಷಯ. ಗಂಟು ಹೋಗಿ ಗುಂಡಿ ಬಂತು. ಗಿಡಿಯನ್ ಸುಂಡ್‌ಬ್ಯಾಕ್‌ನ ಜಿಪ್ಪಿಗೆ 1917ರಲ್ಲಿ ಪೇಟೆಂಟ್ ಸಿಕ್ಕಿತು. ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿ ನೋಡಿ ಜಾರ್ಜ್ ದ ಮೆಸ್ತ್ರಾಲ್ ಕಂಡುಹಿಡಿದ ವೆಲ್ಕ್ರೋ 1950ರ ದಶಕದಲ್ಲಿ ಬಂತು. 1960ರ ದಶಕದಲ್ಲಿ ಬಾನಿ ಕ್ಯಾಶಿನ್ ಅನ್ನೋ ವಿನ್ಯಾಸಗಾರ್ತಿ ಕೋಚ್ ಕಂಪನಿಗೆ ಚೀಲ ಮಾಡುವಾಗ ಹಿತ್ತಾಳೆಯ ತಿರುಗುವ ಚಿಲಕ ಹಾಕಿದಳು. ಅದು ಹೊಳೆದದ್ದು ತನ್ನ ಕಾರಿನ ಮಡಚುವ ಛಾವಣಿಯನ್ನು ಹಿಡಿದಿಡುವ ಚಿಲಕ ನೋಡಿ. ಛಾವಣಿ ಮಡಚುವ ಕಾರಿಗೆ 'ಕನ್ವರ್ಟಿಬಲ್' ಅನ್ನುತ್ತಾರಲ್ಲ, ಅದೇ. 1993ರಲ್ಲಿ ಫ್ರಾನ್ಸಿನ ಫಿಲಿಪ್ ಕಾಸೆಗ್ರಾಂ ಜಪಾನಿನ ಒರಿಗಾಮಿಯಿಂದ ಪ್ರೇರಣೆ ಪಡೆದು ಲಾಂಗ್‌ಶಾಂ ಕಂಪನಿಗಾಗಿ 'ಲ ಪ್ಲಿಯಾಜ್' ಅನ್ನೋ ನೈಲಾನ್ ಚೀಲ ಮಾಡಿದ. ಮಡಚಿದರೆ ಪುಸ್ತಕದಷ್ಟಾಗುತ್ತದೆ. ಸುತ್ತಿ ಸುತ್ತಿ ಮತ್ತೆ ಜಪಾನಿನ ಮಡಿಕೆಗೇ ಬಂದೆವು ನೋಡಿ.

ನನ್ನ ಮೂರು ಕರಡುಗಳು

ಇಷ್ಟೆಲ್ಲ ಓದಿಕೊಂಡ ಮೇಲೆ ಹಸಿಬೆಗೆ ಮರಳಿದೆ. ಇಂಗ್ಲಿಷಿನ ಪ್ರೋಟೋಟೈಪಿಗೆ ನಾನು 'ಕರಡು' ಅಂತಲೇ ಹೇಳುತ್ತೇನೆ. ಬರೆಯುವವರಿಗೆ ಬೇರೆ ಪದ ಬೇಡ.

ಮೊದಲ ಕರಡು ದಿನಪತ್ರಿಕೆಯದ್ದು. ಹೊಲಿದ ಮೇಲೆ 100 ಸೆಂಟಿಮೀಟರ್ ಉದ್ದ, 32 ಅಗಲ ಇರುವ ಕೊಳವೆ ಬೇಕು ಅಂದುಕೊಂಡೆ. ಉದ್ದುದ್ದ ಮಡಚಿ ಹೊಲಿಯುವುದಾದರೆ ಅಗಲ ಎರಡರಷ್ಟು, ಅಂದರೆ 64. ಹೊಲಿಗೆಗೆ ಎಲ್ಲ ಕಡೆ ಒಂದೂವರೆ ಬಿಟ್ಟರೆ 103 ಉದ್ದ, 67 ಅಗಲದ ಒಂದೇ ಆಯತ. ಎರಡು ತುದಿಯಲ್ಲಿ 35-35 ಚೀಲ, ನಡುವೆ 30 ಬಾಯಿಯ ಭಾಗ. ಅದರಲ್ಲಿ 26 ಸೀಳು. ಕಾಗದಕ್ಕೆ ಭಾರ ತಿಳಿಯುವುದಿಲ್ಲ, ಆಕಾರ ಮಾತ್ರ ತಿಳಿಯುತ್ತದೆ. ಕನ್ನಡಿ ಮುಂದೆ ಹೆಗಲಿಗೆ ಹಾಕಿ ನೋಡಿ ಅಳತೆ ಗಟ್ಟಿ ಮಾಡಿಕೊಂಡೆ.

ಎರಡನೆಯದು ಹಳೇ ಬೆಡ್‌ಶೀಟಿನದ್ದು, ಕಚ್ಚಾ ಹೊಲಿಗೆ. ಎರಡೂ ಕಡೆ ಎರಡೆರಡು ಕಿಲೋ ಅಕ್ಕಿ ತುಂಬಿದೆ. ಬಟ್ಟೆ ತಾನೇ ಮಾತಾಡಿತು. ಸೀಳಿನ ಎರಡು ತುದಿಗಳು ಹಿಗ್ಗಿದವು, ಅಲ್ಲಿಗೆ ತೇಪೆ ಬೇಕು. ನಡುವೆ ಮಡಚುವಾಗ ಸೀಳು ಹೊರಗೆ ಬಂದರೆ ಬಾಯಿ ತೆರೆದುಕೊಳ್ಳುತ್ತದೆ, ಒಳಗೆ ಬಂದರೆ ತಾನೇ ಮುಚ್ಚಿಕೊಳ್ಳುತ್ತದೆ. ಅಟ್ಟದ ಚಿಂದಿಯನ್ನು ಮತ್ತೆ ತೆಗೆದು ನೋಡಿದೆ. ಅದರ ಸೀಳಿನ ತುದಿಗಳಲ್ಲೂ ಒಂದರ ಮೇಲೊಂದು ದಪ್ಪ ದಾರದ ಹೊಲಿಗೆ ಇತ್ತು. ಹೆಸರೂ ಗೊತ್ತಿಲ್ಲದ ಆ ದರ್ಜಿಗೆ ಎಲ್ಲವೂ ಗೊತ್ತಿತ್ತು!

ಮೂರನೆಯದು ಕ್ಯಾನ್ವಾಸ್. ಇಲ್ಲಿ ಪಟ್ಟಿ ಸೇರಿತು. ನಡುವೆ ಮಡಚಿದಾಗ ಚೀಲದ ಎತ್ತರ 50. 180 ಸೆಂಟಿಮೀಟರಿನ ಒಂದೇ ಪಟ್ಟಿ, ಅದರ ಎರಡು ತುದಿ ತಳದ ಎರಡು ಮೂಲೆಗೆ ಹೊಲಿದು, ನಡುಭಾಗವನ್ನು ಮೇಲಿನ ಉಂಗುರದಲ್ಲಿ ತೂರಿಸಿದೆ. ಪಟ್ಟಿಯನ್ನು ಎರಡು ಪಕ್ಕಕ್ಕೂ ಸಡಿಲ ಬಿಟ್ಟರೆ 90-90ರ ಎರಡು ಪಟ್ಟಿಯಾಗಿ ಬೆನ್ನಿಗೆ ಏರುತ್ತದೆ. ಉಂಗುರದ ಮೂಲಕ ಮೇಲಕ್ಕೆ ಎಳೆದರೆ, ಮೂಲೆಯಿಂದ ಉಂಗುರದವರೆಗೆ ಓರೆಯಾಗಿ ಸುಮಾರು 52-52 ಹೋಗಿ, ಉಳಿದ 75 ಒಂದೇ ಕುಣಿಕೆಯಾಗಿ ಹೆಗಲಿಗೆ ಬರುತ್ತದೆ. ಪೂರ್ತಿ ಬಿಡಿಸಿದರೆ ಹಳೇ ಹಸಿಬೆ, ಸೈಕಲ್ ಕ್ಯಾರಿಯರ್ ಮೇಲೆ ಎತ್ತಿನ ಬೆನ್ನ ಮೇಲೆ ಕೂತ ಹಾಗೆ ಕೂರುತ್ತದೆ. ಪಟ್ಟಿ ಸೇರುವ ಕಡೆ ಒಳಗಿನಿಂದ ಒಂದು ತುಂಡು ಬಟ್ಟೆ ಕೊಟ್ಟು, ಚೌಕ ಹೊಲಿದು ಅದರೊಳಗೆ ಗುಣಾಕಾರ ಚಿಹ್ನೆಯ ಹಾಗೆ ಅಡ್ಡಡ್ಡ ಹೊಲಿದರೆ ಭಾರ ಒಂದೇ ಎಳೆಯ ಮೇಲೆ ಬೀಳುವುದಿಲ್ಲ.

ಈ ಅಳತೆಗಳನ್ನೆಲ್ಲ ಇಲ್ಲಿ ಬರೆದದ್ದು ಬೇಕಂತಲೇ. ಯಾರು ಬೇಕಾದರೂ ಹೊಲಿಯಿರಿ, ಬದಲಾಯಿಸಿ, ಮಾರಿ. ನನ್ನನ್ನು ಕೇಳಬೇಕಾಗಿಲ್ಲ.

ಬರೆದಿಡದಿದ್ದರೆ...

1965ರಲ್ಲಿ ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್ ಅವರ ಪ್ಲಾಸ್ಟಿಕ್ ಕೈಚೀಲಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಮುಂದಿನ ಕೆಲವು ದಶಕಗಳಲ್ಲಿ ಸಂತೆಗೆ ಚೀಲ ಒಯ್ಯುವ ಅಭ್ಯಾಸವೇ ತಪ್ಪಿತು. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲದ ನಿಷೇಧ ಬಂತು, ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ನಿಷೇಧವಾದವು. ಅಂಗಡಿಗಳಲ್ಲಿ ಬಟ್ಟೆಯ ಹಾಗೇ ಕಾಣುವ ಬಣ್ಣದ ಚೀಲಗಳು ಬಂದವು. ಮುಟ್ಟಿ ನೋಡಿ, ಹಾಸು ಹೊಕ್ಕು ಇಲ್ಲ. ನೇಯದೇ ಒತ್ತಿ ಮಾಡಿದ ಪಾಲಿಪ್ರೊಪಿಲೀನ್ ಅದು, ಅಂದರೆ ಅದೂ ಪ್ಲಾಸ್ಟಿಕ್ಕೇ. ಚೀಲ ಮತ್ತೆ ಬೇಕಾದ ಕಾಲಕ್ಕೆ ಸರಿಯಾಗಿ ಚೀಲ ಹೊಲಿಯುವ ವಿದ್ಯೆ ಕೈತಪ್ಪಿದೆ.

ಜಪಾನಿನವರ ಎರಡು ಹೊಲಿಗೆಯ ಚೀಲ ಇವತ್ತು ಜಗತ್ತಿನ ಯಾವ ಮೂಲೆಯಲ್ಲೂ ಯಾರು ಬೇಕಾದರೂ ಹೊಲಿಯಬಹುದು, ಏಕೆಂದರೆ ಯಾರೋ ಅದನ್ನು ಬರೆದಿಟ್ಟರು. ಬಟರಿಕ್‌ನ ಟಿಶ್ಯೂ ಕಾಗದಕ್ಕೂ ಮಾರ್ಗರೆಟ್‌ಳ ಟಿಪ್ಪಣಿಗೂ ಇದ್ದ ಶಕ್ತಿ ಅದೇ. ನಮ್ಮ ಹಸಿಬೆ ಜಾಣತನದಲ್ಲಿ ಯಾವುದಕ್ಕೂ ಕಡಿಮೆ ಇಲ್ಲ. ಎಲೆ ಅಡಿಕೆ ಸಂಚಿಯನ್ನೇ ನೋಡಿ. ಒಂದರೊಳಗೊಂದು ಪದರ, ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಚಿಲ್ಲರೆಗೆ ಯಾರಿಗೂ ಕಾಣದ ಇನ್ನೊಂದು. ದಾರ ಎಳೆದರೆ ಎಲ್ಲ ಬಾಯಿಗಳೂ ಒಟ್ಟಿಗೇ ಮುಚ್ಚಿಕೊಳ್ಳುತ್ತವೆ. ಅದನ್ನು ಹೇಗೆ ಕತ್ತರಿಸುತ್ತಾರೆ? ಯಾವ ಪದರ ಮೊದಲು ಹೊಲಿಯಬೇಕು? ನಾನು ಕೇಳಿದ ನಾಲ್ಕು ಟೈಲರ್‌ಗಳಲ್ಲಿ ಮೂವರು ನಕ್ಕು "ಈಗ ಯಾರು ಹೊಲಿಸ್ತಾರೆ ಬಿಡಿ" ಅಂದರು. ನಾಲ್ಕನೆಯವರಿಗೆ ಎಪ್ಪತ್ತು ದಾಟಿದೆ. "ಕೈಗೆ ನೆನಪಿದೆ, ಬಾಯಲ್ಲಿ ಹೇಳೋಕೆ ಬರಲ್ಲ. ಕಾಗದ ತಗೊಂಡು ಬನ್ನಿ, ಕೂತ್ಕೊಂಡು ನೋಡೋಣ" ಅಂದಿದ್ದಾರೆ. ಬರುವ ವಾರ ಹೋಗುತ್ತಿದ್ದೇನೆ.

ನೀವೂ ಒಂದು ಕೆಲಸ ಮಾಡ್ತೀರಾ? ನಿಮ್ಮ ಊರಿನ ಮನೆಯ ಅಟ್ಟದ ಮೇಲೆ, ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ ಸಂಚಿಯೋ ಹಸಿಬೆಯೋ ಜೋಳಿಗೆಯೋ ಇದ್ದೇ ಇರುತ್ತದೆ. ಹೊಲಿಗೆ ಬಿಚ್ಚಬೇಡಿ. ಉದ್ದ, ಅಗಲ, ಬಾಯಿಯ ಅಳತೆ, ಪದರ ಎಷ್ಟು, ಹೊಲಿಗೆ ಎಲ್ಲೆಲ್ಲಿ, ತೇಪೆ ಎಲ್ಲೆಲ್ಲಿ, ಇಷ್ಟನ್ನು ಟೇಪು ಹಿಡಿದು ಬರೆದುಕೊಳ್ಳಿ. ಅದನ್ನು ನಿಮ್ಮ ಕಡೆ ಏನಂತ ಕರೆಯುತ್ತಾರೆ ಅನ್ನೋದನ್ನೂ ಬರೆಯಿರಿ. ಹೊಲಿದವರು ಬದುಕಿದ್ದರೆ ಮೊದಲು ಅವರ ಹತ್ತಿರ ಹೋಗಿ, ಅಳತೆ ಆಮೇಲೆ. ನಿಮ್ಮ ಪುಟದಲ್ಲಿ ಹಾಕಿದರೆ ಇಲ್ಲೊಂದು ಸಾಲು ತಿಳಿಸಿ, ನಾನು ಹೊಲಿದು ನೋಡುತ್ತೇನೆ.